ಹಳೆಯ ಕಾರಿಗೆ ಹೊಸ ದನಿ: ಕೆಲಸ ಬಾಗಿಲಿನಿಂದ ಶುರುವಾಗಲಿ

ಹದಿನೈದು ವರ್ಷ ಓಡಿದ ಕಾರು. ಇಂಜಿನ್ ಗಟ್ಟಿಮುಟ್ಟಾಗಿದೆ, ಗೇರು ಸಲೀಸಾಗಿ ಬೀಳುತ್ತದೆ, ಮಾರಲು ಮನಸ್ಸಿಲ್ಲ. ಕಾರಿನ ಜೊತೆಗೇ ಬಂದ ಸ್ಟೀರಿಯೊ ಮಾತ್ರ ಕಾಲದಲ್ಲಿ ಹಿಂದೆ ಉಳಿದುಬಿಟ್ಟಿದೆ. ಅದಕ್ಕೆ ಗೊತ್ತಿರುವುದು ಕ್ಯಾಸೆಟ್ ಅಥವಾ ಸಿಡಿ. ಮೊಬೈಲ್ ಜೋಡಿಸಲು ದಾರಿಯಿಲ್ಲ. ದನಿ ಏರಿಸಿದರೆ ಹಾಡಿನ ಬೇಸ್ ಯಾವುದು, ಬಾಗಿಲಿನ ತಗಡಿನ ನಡುಕ ಯಾವುದು ಎಂದು ತಿಳಿಯದಂತೆ ಎಲ್ಲವೂ ಕಲಸಿಹೋಗುತ್ತದೆ. ಇಂಥ ಕಾರಿನ ಒಡೆಯರು ಮೊದಲು ಮಾಡುವ ಕೆಲಸವೆಂದರೆ ಹೊಳೆಯುವ ಪರದೆಯ ಹೊಸ ಸ್ಟೀರಿಯೊ ತರುವುದು.

ನಾನೂ ಅದನ್ನೇ ಮಾಡಿದ್ದೆ. ಹೊಸ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿ ಹಾಡು ಹಾಕಿದರೆ ಅದೇ ಹಳೆಯ ಒಡಕು ದನಿ. ಕೆಲವು ದಿನ ಬೇಸರದಲ್ಲಿ ಕಳೆದು, ಕೊನೆಗೆ ಮುಂದಿನ ಬಾಗಿಲಿನ ಪ್ಯಾಡ್ ಬಿಚ್ಚಿದೆ. ನಾಲ್ಕು ಸ್ಕ್ರೂ ತೆಗೆದು ಸ್ಪೀಕರನ್ನು ಅಂಗೈಯಲ್ಲಿ ಹಿಡಿದಾಗ ಕಾರಣ ಕಣ್ಣಿಗೇ ಕಂಡಿತು. ಕಾಗದದ ಕೋನ್ ಮತ್ತು ಲೋಹದ ಚೌಕಟ್ಟನ್ನು ಜೋಡಿಸುವ ಫೋಮಿನ ಅಂಚು ಬೆರಳು ತಾಗಿದ ಕೂಡಲೇ ಕಪ್ಪು ಪುಡಿಯಾಗಿ ಉದುರಿತು. ಅರ್ಧ ಸುತ್ತಿನಲ್ಲಿ ಅಂಚೇ ಇರಲಿಲ್ಲ. ಕೋನ್ ಓರೆಯಾಗಿ ಜೋತುಬಿದ್ದಿತ್ತು. ಒತ್ತಿದರೆ ಒಳಗಿನ ಸುರುಳಿ ಅಯಸ್ಕಾಂತಕ್ಕೆ ಉಜ್ಜುವ ಕರಕರ ಸದ್ದು. ಈ ಸ್ಪೀಕರಿಗೆ ಎಂಥ ಸ್ಟೀರಿಯೊ ಜೋಡಿಸಿದರೂ ಅದು ಕೊಡಬಹುದಾದ ದನಿ ಇಷ್ಟೇ.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಮೊದಲು ಬಾಗಿಲು, ಆಮೇಲೆ ತಂತಿ, ಕಡೆಗೆ ಪೆಟ್ಟಿಗೆ. ಏಕೆ ಎಂಬುದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಒಂದು ಸಂಖ್ಯೆಯಿಂದಲೇ ಅರ್ಥವಾಗುತ್ತದೆ.

50 ವ್ಯಾಟ್ ಎಲ್ಲಿಂದ ಬಂತು

ಹೆಚ್ಚಿನ ಸ್ಟೀರಿಯೊಗಳ ಮೇಲೆ ‘50 ವ್ಯಾಟ್ × 4’ ಎಂದು ಬರೆದಿರುತ್ತದೆ. ಕಾರಿನಲ್ಲಿ ಸಿಗುವ ವಿದ್ಯುತ್ತು ಎಷ್ಟು ಎಂದು ನೋಡಿದರೆ ಈ ಮಾತಿನ ಬೆಲೆ ತಿಳಿಯುತ್ತದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯಲ್ಲಿ ಸುಮಾರು 14.4 ವೋಲ್ಟ್ ಇರುತ್ತದೆ. ಸ್ಟೀರಿಯೊದೊಳಗಿನ ಸಾಧಾರಣ ಆಂಪ್ಲಿಫೈಯರ್ (ಸಂಗೀತದ ಸಂಕೇತಕ್ಕೆ ಬಲ ತುಂಬುವ) ಚಿಪ್ ಇದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಹುಟ್ಟಿಸಲಾರದು. ಸಂಗೀತದ ಅಲೆ ಒಂದೇ ಸಮನೆ ಗರಿಷ್ಠ ಮಟ್ಟದಲ್ಲಿ ನಿಲ್ಲುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಶುದ್ಧ ಅಲೆಯೊಂದರ ಶಿಖರ 14.4 ವೋಲ್ಟ್ ಆದರೆ ಅದರ ಪರಿಣಾಮಕಾರಿ ಮೌಲ್ಯ ಸುಮಾರು 10.2 ವೋಲ್ಟ್. ಅದರ ವರ್ಗವನ್ನು ಸ್ಪೀಕರಿನ ವಿದ್ಯುತ್ ತಡೆಯಾದ 4 ಓಮ್‌ನಿಂದ ಭಾಗಿಸಿದರೆ ಸಿಗುವುದು ಸುಮಾರು 26 ವ್ಯಾಟ್. ಚಿಪ್ಪಿನೊಳಗೆ ನಷ್ಟವಾಗುವುದನ್ನು ಕಳೆದರೆ ಶುದ್ಧವಾಗಿ ಕೈಗೆ ಸಿಗುವುದು 20 ವ್ಯಾಟಿನ ಆಸುಪಾಸು.

ಹಾಗಾದರೆ 50? ಅಲೆಯ ಏರಿಳಿತವನ್ನೆಲ್ಲ ಕತ್ತರಿಸಿ ಚೌಕದಂತೆ ಮಾಡಿಬಿಟ್ಟರೆ, ಅಂದರೆ 14.4 ವೋಲ್ಟನ್ನು ಎಡೆಬಿಡದೆ ಹರಿಸಿದರೆ, 14.4ರ ವರ್ಗವನ್ನು 4ರಿಂದ ಭಾಗಿಸಿದಾಗ 51.8 ಬರುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆ ಅದೇ. ಅದು ಸಂಗೀತ ಸಂಪೂರ್ಣವಾಗಿ ಒಡೆದುಹೋದ ಸ್ಥಿತಿಯ ಅಳತೆ. ಆ ಮಟ್ಟದಲ್ಲಿ ಯಾರೂ ಹಾಡು ಕೇಳಲಾರರು, ಮೇಲಿನ ಸ್ವರಗಳ ಪುಟ್ಟ ಸ್ಪೀಕರಾದ ಟ್ವೀಟರ್ ಸುಟ್ಟುಹೋಗುವ ಸಾಧ್ಯತೆಯೂ ಇದೆ. ಕೊಳ್ಳುವಾಗ ವಿವರಪಟ್ಟಿಯಲ್ಲಿ ಆರ್‌ಎಂಎಸ್ (ಮೇಲೆ ಹೇಳಿದ ಪರಿಣಾಮಕಾರಿ ಮೌಲ್ಯದ ಲೆಕ್ಕ) ಎಂಬ ಸಾಲನ್ನು ಹುಡುಕಿ. ಯಾವ ತಯಾರಕರಾದರೂ ಅಲ್ಲಿ 14ರಿಂದ 22ರ ನಡುವಿನ ಸಂಖ್ಯೆ ಕಾಣುವುದೇ ಹೆಚ್ಚು. ಅಂದರೆ ಹಳೆಯ ಸ್ಟೀರಿಯೊದ ಚಿಪ್ಪೂ ಇದೇ ಬಗೆಯದ್ದಾಗಿದ್ದರೆ, ಬರೀ ಪೆಟ್ಟಿಗೆ ಬದಲಿಸಿದ್ದರಿಂದ ದನಿಯ ಬಲ ಹೆಚ್ಚುವುದಿಲ್ಲ.

ವ್ಯಾಟಿನ ಬಗ್ಗೆ ಇನ್ನೊಂದು ಮಾತು. ವ್ಯಾಟ್ ದುಪ್ಪಟ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದರೆ 87 ಡೆಸಿಬೆಲ್ ಸಂವೇದನೆಯ (ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) ಸ್ಪೀಕರಿನ ಬದಲು 93 ಡೆಸಿಬೆಲ್‌ನದನ್ನು ಹಾಕಿದರೆ ಆಂಪ್ಲಿಫೈಯರನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದಷ್ಟೇ ಫಲ ಸಿಗುತ್ತದೆ. ಆದ್ದರಿಂದ ಸಾಧಾರಣ ಸ್ಟೀರಿಯೊಗೆ ಜೋಡಿಸುವ ಸ್ಪೀಕರಿನಲ್ಲಿ ನಾನು ಮೊದಲು ನೋಡುವುದು ಈ ಸಂವೇದನೆಯನ್ನು. ಇಲ್ಲೂ ಒಂದು ಚಮತ್ಕಾರವಿದೆ. ಕೆಲವರು 1 ವ್ಯಾಟ್ ಕೊಟ್ಟು ಅಳೆಯುತ್ತಾರೆ, ಕೆಲವರು 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಎಂದರೆ 2 ವ್ಯಾಟ್. ಹಾಗೆ ಅಳೆದ ಅಂಕಿ 3 ಡೆಸಿಬೆಲ್ ಹೆಚ್ಚಾಗಿ ಕಾಣುತ್ತದೆ. ಎರಡು ಸ್ಪೀಕರುಗಳನ್ನು ಹೋಲಿಸುವಾಗ ಇದನ್ನು ಗಮನಿಸದಿದ್ದರೆ ಲೆಕ್ಕವೇ ತಪ್ಪುತ್ತದೆ.

ಬಾಗಿಲೇ ಸ್ಪೀಕರಿನ ಪೆಟ್ಟಿಗೆ

ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸವನ್ನು ಬಾಗಿಲು ಮಾಡಬೇಕು. ಅದು ಆ ಕೆಲಸಕ್ಕೆಂದು ಹುಟ್ಟಿದ್ದಲ್ಲ: ತೆಳು ತಗಡು, ಕೈ ತೂರಿಸುವಷ್ಟು ದೊಡ್ಡ ತೂತುಗಳು, ಒಳಗೆ ಗಾಜು ಏರಿಳಿಸುವ ಯಂತ್ರ. ಕೋನ್ ಮುಂದಕ್ಕೆ ತಳ್ಳಿದಾಗ ಅದರ ಮುಂದೆ ಗಾಳಿಯ ಒತ್ತಡ ಹೆಚ್ಚುತ್ತದೆ, ಹಿಂದೆ ಕಡಿಮೆಯಾಗುತ್ತದೆ. ನಡುವೆ ತೂತಿದ್ದರೆ ಮುಂದಿನ ಗಾಳಿ ಸುತ್ತಿಕೊಂಡು ಹಿಂದಕ್ಕೆ ಹೋಗಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಬೇಸ್ ಸ್ವರಗಳ ಅಲೆ ಮೀಟರುಗಟ್ಟಲೆ ಉದ್ದ ಇರುವುದರಿಂದ ಮೊದಲು ಸಾಯುವುದು ಅವೇ. ‘ಹೊಸ ಸ್ಪೀಕರಿನಲ್ಲಿ ಬೇಸೇ ಇಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಈ ತೂತುಗಳು.

ಪರಿಹಾರ ಸರಳ, ಆದರೆ ತಾಳ್ಮೆ ಬೇಕು. ಬಾಗಿಲಿನ ಹೊರ ತಗಡಿನ ಒಳಮೈಗೆ ಬ್ಯೂಟೈಲ್ ರಬ್ಬರಿನ ಹಾಳೆ ಅಂಟಿಸಬೇಕು. ಇಡೀ ಮೈಯನ್ನು ಮುಚ್ಚಬೇಕಾಗಿಲ್ಲ. ಬೆರಳಿನ ಗಂಟಿನಿಂದ ತಟ್ಟಿದಾಗ ಡಬ್ಬಿಯಂತೆ ಟಣ್ ಎನ್ನುತ್ತಿದ್ದ ಜಾಗ ಮಂದವಾಗಿ ದಪ್ ಎಂದರೆ ಸಾಕು. ಒಳ ತಗಡಿನ ದೊಡ್ಡ ತೂತುಗಳನ್ನು ಮುಚ್ಚಬೇಕು. ಬಾಗಿಲಿನ ಅಡಿಯಲ್ಲಿ ನೀರು ಹರಿದುಹೋಗಲು ಇರುವ ಸಣ್ಣ ಕಿಂಡಿಗಳನ್ನು ಮಾತ್ರ ಎಂದಿಗೂ ಮುಚ್ಚಬಾರದು. ಕಿಟಕಿಯ ಗಾಜಿನ ಪಕ್ಕದಿಂದ ಇಳಿಯುವ ಮಳೆನೀರಿಗೆ ಅದೊಂದೇ ದಾರಿ, ಮುಚ್ಚಿದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯೂ ನೀರು ತಡೆಯಲೆಂದೇ ಇರುವುದು. ಅದನ್ನು ಕಿತ್ತು ಬಿಸಾಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಸ್ಪೀಕರ್ ಕೊಳ್ಳುವ ಮೊದಲು ಮೂರು ಅಳತೆ ಬೇಕು: ಅಗಲ, ಸ್ಕ್ರೂಗಳ ನಡುವಿನ ದೂರ, ಮತ್ತು ಆಳ. ಹೆಚ್ಚು ಜನ ಎಡವುವುದು ಆಳದಲ್ಲಿ. ಗಾಜನ್ನು ಪೂರ್ತಿ ಇಳಿಸಿ ಆಮೇಲೆ ಅಳೆಯಿರಿ. ಗಾಜು ಮೇಲಿದ್ದಾಗ ಆರಾಮವಾಗಿ ಕೂರುವ ಸ್ಪೀಕರಿನ ಅಯಸ್ಕಾಂತಕ್ಕೆ ಇಳಿದು ಬಂದ ಗಾಜು ಬಡಿಯಬಹುದು.

ಓಮ್ ವಿಷಯವನ್ನೂ ಇಲ್ಲೇ ನೋಡಿಬಿಡಬೇಕು. ಹಳೆಯ ಸ್ಪೀಕರಿನ ಎರಡು ತುದಿಗೆ ಮಲ್ಟಿಮೀಟರ್ (ಮುಂದೆ ಬರೀ ಮೀಟರ್) ಹಿಡಿದರೆ 4 ಓಮ್‌ನದ್ದು ಸಾಮಾನ್ಯವಾಗಿ 3.2ರಿಂದ 3.8ರ ನಡುವೆ ತೋರಿಸುತ್ತದೆ. 2ಕ್ಕಿಂತ ಕೆಳಗೆ ತೋರಿಸಿದರೆ ಅದು 2 ಓಮ್ ಸ್ಪೀಕರ್. ಕೆಲವು ಕಾರುಗಳಲ್ಲಿ, ಅದರಲ್ಲೂ ಡಿಕ್ಕಿಯಲ್ಲೋ ಸೀಟಿನಡಿಯಲ್ಲೋ ಪ್ರತ್ಯೇಕ ಆಂಪ್ಲಿಫೈಯರ್ ಅಡಗಿಸಿಟ್ಟ ಮಾದರಿಗಳಲ್ಲಿ, ಇಂಥವು ಇರುತ್ತವೆ. 4 ಓಮ್‌ಗೆಂದು ಮಾಡಿದ ಹೊಸ ಸ್ಟೀರಿಯೊಗೆ ಅವನ್ನು ಜೋಡಿಸಿದರೆ ಚಿಪ್ ಅತಿಯಾಗಿ ಬಿಸಿಯಾಗುತ್ತದೆ. ತಿರುಗುಮುರುಗಾಗಿ, ಹಳೆಯ ಆಂಪ್ಲಿಫೈಯರನ್ನು ಉಳಿಸಿಕೊಂಡು 4 ಓಮ್ ಸ್ಪೀಕರ್ ಹಾಕಿದರೆ ಬಲ ಅರ್ಧಕ್ಕೆ ಇಳಿಯುತ್ತದೆ.

ಪೆಟ್ಟಿಗೆ ಬದಲಿಸಲೇಬೇಕೇ

ಬೇಕೆಂದೇನೂ ಇಲ್ಲ. ಎಷ್ಟೋ ಕಾರುಗಳಲ್ಲಿ ಮೂಲ ಸ್ಟೀರಿಯೊ ಡ್ಯಾಶ್‌ಬೋರ್ಡಿನ ಮುಖದ ಭಾಗವೇ ಆಗಿರುತ್ತದೆ. ಅದನ್ನು ಕಿತ್ತರೆ ಮುಖಕ್ಕೊಂದು ಗಾಯವಾದಂತೆ ಎಂದು ನನಗೆ ಅನಿಸುತ್ತದೆ. ಹಳೆಯದು ಸರಿಯಾಗಿ ಕೆಲಸ ಮಾಡುತ್ತಿದ್ದು, ನಿಮಗೆ ಬೇಕಾದುದು ಮೊಬೈಲಿನ ಹಾಡು ಮಾತ್ರವಾದರೆ ಅದರ ಹಿಂಬದಿ ನೋಡಿ. ಹೊರಗಿನ ಸಾಧನದ ತಂತಿ ಚುಚ್ಚುವ ಆಕ್ಸ್ ಸಾಕೆಟ್ ಇರಬಹುದು, ಅಥವಾ ಹಲವು ಸಿಡಿಗಳನ್ನು ಬದಲಿಸಿ ನುಡಿಸುವ ಸಿಡಿ ಚೇಂಜರ್ ಜೋಡಿಸಲು ಬಿಟ್ಟ ಖಾಲಿ ಸಾಕೆಟ್ ಇರಬಹುದು. ಎರಡನೆಯದಕ್ಕೆ ‘ನಾನೇ ಸಿಡಿ ಚೇಂಜರ್’ ಎಂದು ಸ್ಟೀರಿಯೊವನ್ನು ನಂಬಿಸುವ ಸಣ್ಣ ಬ್ಲೂಟೂತ್ ಸಾಧನಗಳು ಸಿಗುತ್ತವೆ. ಅದನ್ನು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿಸಿಟ್ಟರೆ ಕಾರಿನ ರೂಪ ಇದ್ದ ಹಾಗೇ ಉಳಿಯುತ್ತದೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚುವ ಎಫ್‌ಎಂ ಟ್ರಾನ್ಸ್‌ಮಿಟರ್ ಕೊನೆಯ ಆಯ್ಕೆ. ಎಫ್‌ಎಂ ದಾರಿಯಲ್ಲಿ 15 ಕಿಲೋಹರ್ಟ್ಜ್‌ಗಿಂತ ಮೇಲಿನ ಸ್ವರ ಹೋಗುವುದಿಲ್ಲ, ಜೊತೆಗೆ ಊರು ದಾಟಿದಂತೆ ಬೇರೆ ನಿಲಯಗಳು ಬಂದು ಮೇಲೇರುತ್ತವೆ.

ಬದಲಿಸುವುದೇ ಆದರೆ ಗಾತ್ರ ನೋಡಬೇಕು. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ ಬಂದ ‘ಡಿನ್’ ಅಳತೆ ಇಂದು ಎಲ್ಲೆಡೆ ಚಾಲ್ತಿಯಲ್ಲಿದೆ: ಒಂದು ಡಿನ್ ಎಂದರೆ 182 ಮಿ.ಮೀ. ಅಗಲ, 53 ಮಿ.ಮೀ. ಎತ್ತರದ ಕಿಂಡಿ. ಡಬಲ್ ಡಿನ್ ಎಂದರೆ ಅದರ ಸುಮಾರು ಎರಡರಷ್ಟು ಎತ್ತರ. ಎರಡು ಪಕ್ಕದಲ್ಲಿ ಎರಡು ತಿರುಪು, ನಡುವೆ ಸಣ್ಣ ಮುಖ ಇರುವ ಇನ್ನೂ ಹಳೆಯ ರೇಡಿಯೊಗಳ ಜಾಗಕ್ಕೆ ಇದು ಹೊಂದುವುದಿಲ್ಲ. ಅಷ್ಟು ಹಳೆಯ ಕಾರಾದರೆ ವಿದ್ಯುತ್ತನ್ನೂ ಪರೀಕ್ಷಿಸಿ: 1950ರ ದಶಕದ ಹಲವು ಕಾರುಗಳಲ್ಲಿ 6 ವೋಲ್ಟ್ ಬ್ಯಾಟರಿ ಇತ್ತು, 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬಾಡಿಯ ಲೋಹಕ್ಕೆ ಜೋಡಿಸಿದ್ದು ಬ್ಯಾಟರಿಯ ಪ್ಲಸ್ ತುದಿ. ಇಂದಿನ ಸ್ಟೀರಿಯೊವನ್ನು ಅಂಥ ಕಾರಿಗೆ ನೇರವಾಗಿ ಜೋಡಿಸಿದರೆ ಅದು ಕೆಲಸ ಮಾಡದೆ ಹೋಗಬಹುದು ಅಥವಾ ಹಾಳಾಗಬಹುದು.

ತಂತಿಗಳ ಮಾತು

ಇಲ್ಲಿ ಅವಸರ ಬೇಡ. ಬ್ಯಾಟರಿಯ ಮೈನಸ್ ತುದಿ ಬಿಚ್ಚಿಟ್ಟು ಕೆಲಸ ಶುರು ಮಾಡಿ. ಮೂಲ ಸ್ಟೀರಿಯೊಗೆ ಸಂಕೇತ ಸಂಖ್ಯೆ ಬೇಕಾಗುವ ಮಾದರಿಯಾದರೆ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡಿನೊಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು ಎಂದೇ ತಿಳಿದು ಅದರ ತಂತಿಗೆ ಮೀಟರನ್ನೂ ತಾಗಿಸಬೇಡಿ.

ಮಾರುಕಟ್ಟೆಯ ಹೊಸ ಸ್ಟೀರಿಯೊಗಳ ಹಿಂದೆ ಜೋತಾಡುವ ತಂತಿಗಳ ಬಾಲದಲ್ಲಿ ಬಣ್ಣಗಳಿಗೆ ಬಹುಪಾಲು ಒಂದೇ ಅರ್ಥ. ಹಳದಿಗೆ ಸದಾ 12 ವೋಲ್ಟ್ ಬೇಕು, ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ. ಕಪ್ಪು ಅರ್ತ್, ಅಂದರೆ ಕಾರಿನ ಬಾಡಿಯ ಲೋಹಕ್ಕೆ. ನೀಲಿ ಆಂಟೆನಾಗೆ, ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಆಂಪ್ಲಿಫೈಯರನ್ನು ಎಬ್ಬಿಸಲು. ಬಿಳಿ ಜೋಡಿ ಮುಂದಿನ ಎಡ ಸ್ಪೀಕರಿಗೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆ ಇರುವುದು ಮೈನಸ್. ಕಾರಿನ ಕಡೆಯ ತಂತಿಗಳು ಮಾತ್ರ ಈ ಬಣ್ಣಗಳನ್ನು ಪಾಲಿಸುವುದಿಲ್ಲ. ಅಲ್ಲಿ ಬಣ್ಣ ನಂಬಬೇಡಿ, ಮೀಟರ್ ನಂಬಿ. ಅಳೆಯುವಷ್ಟು ಹೊತ್ತು ಬ್ಯಾಟರಿ ಜೋಡಿಸಿ ನೋಡಿ: ಕೀಲಿ ತೆಗೆದಾಗಲೂ 12 ವೋಲ್ಟ್ ತೋರಿಸುವುದು ಹಳದಿಗೆ, ಕೀಲಿ ತಿರುಗಿಸಿದಾಗ ಮಾತ್ರ ತೋರಿಸುವುದು ಕೆಂಪಿಗೆ. ಎಂಟೆಂಟು ಪಿನ್ನುಗಳ ಐಎಸ್‌ಒ ಕನೆಕ್ಟರ್ ಇರುವ ಕೆಲವು ಕಾರುಗಳಲ್ಲಿ ಈ ಎರಡು ಅದಲು ಬದಲಾಗಿರುತ್ತವೆ. ಕೀಲಿ ತೆಗೆದಾಗಲೆಲ್ಲ ಸ್ಟೀರಿಯೊ ಗಡಿಯಾರವನ್ನೂ ನಿಲಯಗಳನ್ನೂ ಮರೆಯುತ್ತಿದ್ದರೆ ಕಾರಣ ಇದೇ.

ಹಳೆಯ ಕಾರಿಗೆ ವಿಶೇಷವಾದ ಅಪಾಯವೊಂದಿದೆ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಿಂದಿನ ಸ್ಟೀರಿಯೊಗಳು ಸ್ಪೀಕರಿನ ಒಂದು ತುದಿಗೆ ಮಾತ್ರ ಸಂಗೀತ ಕಳಿಸುತ್ತಿದ್ದವು. ಇನ್ನೊಂದು ತುದಿ ನೇರವಾಗಿ ಕಾರಿನ ಬಾಡಿಯ ಲೋಹಕ್ಕೆ. ತಂತಿ ಉಳಿಯುತ್ತಿತ್ತು. ಆದರೆ ಆ ವಿಧಾನದಲ್ಲಿ 4 ಓಮ್‌ಗೆ ಹೆಚ್ಚೆಂದರೆ 6.5 ವ್ಯಾಟ್ ಮಾತ್ರ ಸಾಧ್ಯ. ಈಗಿನ ಚಿಪ್ಪುಗಳು ಪ್ರತಿ ಸ್ಪೀಕರಿಗೆ ಎರಡು ಆಂಪ್ಲಿಫೈಯರ್ ಬಳಸುತ್ತವೆ. ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತದೆ. ಮೇಲೆ ಲೆಕ್ಕ ಹಾಕಿದ 26 ವ್ಯಾಟ್ ಬರುವುದು ಈ ಜೋಡಿ ದುಡಿಮೆಯಿಂದ. ಹೀಗಾಗಿ ಈಗಿನ ಸ್ಟೀರಿಯೊದ ‘ಮೈನಸ್’ ಸ್ಪೀಕರ್ ತಂತಿ ನಿಜವಾಗಿ ಮೈನಸ್ ಅಲ್ಲ, ಅದರಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ಇರುತ್ತದೆ. ಅದನ್ನು ಬಾಡಿಯ ಲೋಹಕ್ಕೆ ತಾಗಿಸಿದರೆ ಅದೃಷ್ಟ ಇದ್ದರೆ ಚಿಪ್ ತಾನಾಗಿ ನಿಂತುಕೊಳ್ಳುತ್ತದೆ, ಇಲ್ಲದಿದ್ದರೆ ಸುಡುತ್ತದೆ. ಜೋಡಿಸುವ ಮೊದಲು ಕಾರಿನ ಪ್ರತಿ ಸ್ಪೀಕರ್ ತಂತಿಗೂ ಬಾಡಿಗೂ ನಡುವೆ ಮೀಟರ್ ಹಿಡಿದು ನೋಡಿ. ಸಂಪರ್ಕ ಕಂಡರೆ ಆ ಸ್ಪೀಕರಿಗೆ ಹೊಸದಾಗಿ ಎರಡು ತಂತಿ ಎಳೆಯುವುದೊಂದೇ ದಾರಿ.

ಯಾವ ತಂತಿ ಯಾವ ಸ್ಪೀಕರಿನದು, ಯಾವುದು ಪ್ಲಸ್ ಎಂದು ತಿಳಿಯಲು ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸೆಲ್ ಸಾಕು. ಸ್ಟೀರಿಯೊ ಕನೆಕ್ಟರ್ ಬಿಚ್ಚಿಟ್ಟು ಒಂದು ಜೋಡಿ ತಂತಿಯ ತುದಿಗಳನ್ನು ಸೆಲ್ಲಿನ ಎರಡು ಕಡೆ ಕ್ಷಣ ಮಾತ್ರ ತಾಗಿಸಿ. ಯಾವುದೋ ಒಂದು ಬಾಗಿಲಿನಿಂದ ‘ಟಪ್’ ಎಂಬ ಸದ್ದು ಬರುತ್ತದೆ. ಇನ್ನೊಬ್ಬರು ಅಲ್ಲಿ ಕೂತು ಕೋನನ್ನು ನೋಡುತ್ತಿರಲಿ. ಕೋನ್ ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ಕಡೆ ಹಿಡಿದ ತಂತಿಯೇ ಪ್ಲಸ್; ಒಳಕ್ಕೆ ಸರಿದರೆ ತಿರುಗುಮುರುಗು. ತುಸುವೇ ಚಲನೆಯಾದರೂ ಬೆಳಕು ಬಿಟ್ಟು ನೋಡಿದರೆ ಚೆನ್ನಾಗಿ ಕಾಣುತ್ತದೆ. ಈ ಐದು ನಿಮಿಷದ ಕೆಲಸ ಬಿಟ್ಟರೆ ಎಡ ಸ್ಪೀಕರ್ ತಳ್ಳುವಾಗ ಬಲದ್ದು ಎಳೆಯುವಂತಾಗಿ, ಬೇಸ್ ಗಾಳಿಯಲ್ಲೇ ಕರಗಿಹೋಗುತ್ತದೆ, ಹಾಡುಗಾರನ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ತಂತಿ ಜೋಡಿಸಲು ನಿಮ್ಮ ಕಾರಿನ ಕನೆಕ್ಟರಿಗೆ ಹೊಂದುವ ಅಡಾಪ್ಟರ್ ಕೊಳ್ಳಿ, ಮೂಲ ತಂತಿಯನ್ನು ಕತ್ತರಿಸಬೇಡಿ. ಬರೀ ತಿರುಚಿ ಟೇಪ್ ಸುತ್ತಿದ ಗಂಟು ಬಿಸಿಲಿಗೆ ನಿಂತ ಕಾರಿನಲ್ಲಿ ಬಹಳ ದಿನ ಬಾಳದು: ಟೇಪಿನ ಅಂಟು ಕರಗಿ ಜಾರುತ್ತದೆ, ಬರಿಯ ತಂತಿ ಉಳಿಯುತ್ತದೆ. ಒತ್ತುವ ಇಕ್ಕಳದಿಂದ ಸರಿಯಾಗಿ ಒತ್ತಿದ ಲೋಹದ ಸ್ಲೀವ್ ಅಥವಾ ಬೆಸುಗೆ, ಅದರ ಮೇಲೆ ಬಿಸಿ ತಾಗಿದರೆ ಬಿಗಿಯುವ ಕೊಳವೆ ಹಾಕಿದರೆ ಕಾರಿನ ಆಯುಷ್ಯದಷ್ಟೂ ನಿಶ್ಚಿಂತೆ.

ಹೊಸ ಸ್ಟೀರಿಯೊ ಹಾಕಿದ ಮೇಲೆ ರೇಡಿಯೊ ಮೊದಲಿಗಿಂತ ಕ್ಷೀಣವಾಯಿತು ಎನ್ನುವವರು ನೀಲಿ ತಂತಿಯನ್ನು ನೋಡಬೇಕು. ಚಿಕ್ಕ ಆಂಟೆನಾಗಳ ಬುಡದಲ್ಲಿ ಸಂಕೇತ ಹಿಗ್ಗಿಸುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದಕ್ಕೆ 12 ವೋಲ್ಟ್ ಸಿಗದಿದ್ದರೆ ಹೀಗಾಗುತ್ತದೆ. ಸ್ಟೀರಿಂಗ್ ಮೇಲಿನ ಗುಂಡಿಗಳು ಕೆಲಸ ಮಾಡಲೂ ಪ್ರತ್ಯೇಕ ಅಡಾಪ್ಟರ್ ಬೇಕಾಗಬಹುದು.

ಆಂಪ್ಲಿಫೈಯರ್ ಮತ್ತು ಕುಂಯ್ ಎನ್ನುವ ಸದ್ದು

ಹೆದ್ದಾರಿಯ ಗಾಳಿಯ ಮೊರೆತವನ್ನು ಮೀರಿ ಹಾಡು ಸ್ಪಷ್ಟವಾಗಿ ಕೇಳಬೇಕೆನ್ನುವವರಿಗೆ ಹೊರಗಿನ ಆಂಪ್ಲಿಫೈಯರ್ ನಿಜವಾಗಿಯೂ ಉಪಯುಕ್ತ. ಅದರೊಳಗೆ 12 ವೋಲ್ಟನ್ನು ಹೆಚ್ಚಿನ ವೋಲ್ಟೇಜಿಗೆ ಏರಿಸುವ ವ್ಯವಸ್ಥೆ ಇರುವುದರಿಂದ 26 ವ್ಯಾಟಿನ ಗೋಡೆ ಅದಕ್ಕಿಲ್ಲ. ಆದರೆ ಅದರ ವಿದ್ಯುತ್ತು ಬ್ಯಾಟರಿಯಿಂದಲೇ ನೇರವಾಗಿ ಬರಬೇಕು, ದಪ್ಪ ತಂತಿಯಲ್ಲಿ. 2.5 ಚದರ ಮಿ.ಮೀ. ತಾಮ್ರದ ತಂತಿಯನ್ನು 5 ಮೀಟರ್ ಎಳೆದು 20 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 0.7 ವೋಲ್ಟ್ ನಷ್ಟ. 20 ಚದರ ಮಿ.ಮೀ. ತಂತಿಯಾದರೆ 0.1 ವೋಲ್ಟಿಗಿಂತ ಕಡಿಮೆ. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಒಂದು ಫ್ಯೂಸ್ ಇರಲೇಬೇಕು. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನಲ್ಲ, ತಂತಿಯನ್ನು. ಬಾನೆಟ್ಟಿನಡಿಯಿಂದ ಒಳಬರುವಾಗ ತಗಡಿನ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಹರಿದರೆ, ಫ್ಯೂಸ್ ಇಲ್ಲದ ಕಾರು ಹೊತ್ತಿಕೊಳ್ಳುತ್ತದೆ. ಈ ವಿಷಯದಲ್ಲಿ ರಾಜಿ ಬೇಡ.

ಆಂಪ್ಲಿಫೈಯರ್ ಹಾಕಿದ ಮೇಲೆ ಆಕ್ಸಿಲರೇಟರ್ ಒತ್ತಿದಂತೆ ಏರುವ ಕುಂಯ್ ಸದ್ದು ಹಲವರನ್ನು ಕಾಡುತ್ತದೆ. ಇಂಜಿನ್ ತಿರುಗಿಸುವ ಆಲ್ಟರ್ನೇಟರ್ ಹುಟ್ಟಿಸುವ ವಿದ್ಯುತ್ತಿನಲ್ಲಿ ಡಯೋಡುಗಳನ್ನು ದಾಟಿದ ಮೇಲೂ ಸಣ್ಣ ಅಲೆ ಉಳಿದಿರುತ್ತದೆ. ಸ್ಟೀರಿಯೊ ಒಂದು ಕಡೆ, ಆಂಪ್ಲಿಫೈಯರ್ ಇನ್ನೊಂದು ಕಡೆ ಅರ್ತ್ ಆಗಿದ್ದು, ಆ ಎರಡು ಜಾಗಗಳ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಇದ್ದರೆ ಆ ಅಲೆ ಆರ್‌ಸಿಎ (ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಸಂಗೀತ ಒಯ್ಯುವ) ತಂತಿಯ ಹೊರಕವಚದ ಮೂಲಕ ಸಂಗೀತದೊಳಗೆ ನುಸುಳುತ್ತದೆ. ಸದ್ದು ಸೋಸುವ ಫಿಲ್ಟರ್ ಕೊಂಡು ಹಾಕುವ ಮೊದಲು ಅರ್ತ್ ಜಾಗದ ಬಣ್ಣವನ್ನು ಮರಳು ಕಾಗದದಿಂದ ಕೆರೆದು, ಹೊಳೆಯುವ ಲೋಹಕ್ಕೆ ಬೋಲ್ಟ್ ಬಿಗಿಯಿರಿ. ಬ್ಯಾಟರಿ ತಂತಿ ಕಾರಿನ ಒಂದು ಬದಿಯಲ್ಲಿ, ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಲಿ. ಹೆಚ್ಚಿನ ಕಾರುಗಳಲ್ಲಿ ಸದ್ದು ಇಷ್ಟಕ್ಕೇ ಅಡಗುತ್ತದೆ.

ಕಿವಿಗೆ ಹೊಂದಿಸುವುದು

ಹೊಸ ಸ್ಟೀರಿಯೊದ ನಿಜವಾದ ಲಾಭ ಇರುವುದು ಇಲ್ಲಿ, ಆದರೆ ಮೆನುವಿನ ಆಳಕ್ಕೆ ಇಳಿಯುವವರು ಕಡಿಮೆ. ಮೊದಲು ಕೆಳಸ್ವರಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಹುಡುಕಿ, ಬಾಗಿಲಿನ ಸ್ಪೀಕರುಗಳಿಗೆ 80 ಹರ್ಟ್ಜ್ ಇಟ್ಟು ನೋಡಿ. ಅದೇ ಜೋರಿನಲ್ಲಿ 80 ಹರ್ಟ್ಜ್ ಬದಲು 40 ಹರ್ಟ್ಜ್ ನುಡಿಸಲು ಕೋನ್ ನಾಲ್ಕು ಪಟ್ಟು ದೂರ ಓಡಬೇಕು. ಸಣ್ಣ ಸ್ಪೀಕರ್ ಆ ಓಟದಲ್ಲೇ ಬಳಲಿ ಉಳಿದ ಸ್ವರಗಳನ್ನೂ ಕೆಡಿಸುತ್ತದೆ. ಆ ಭಾರ ಇಳಿಸಿದರೆ ದನಿ ಬಿಚ್ಚಿಕೊಳ್ಳುತ್ತದೆ. ಕಳೆದುಹೋದ ಕೆಳಸ್ವರ ಬೇಕೆಂದರೆ ಸೀಟಿನಡಿಯ ಚಿಕ್ಕ ಸಬ್‌ವೂಫರಿಗೆ ಆ ಕೆಲಸ ಕೊಡಿ.

ಎರಡನೆಯದು ಕಾಲದ ಹೊಂದಾಣಿಕೆ. ಚಾಲಕನ ಕಿವಿಗೆ ಹತ್ತಿರದ ಸ್ಪೀಕರ್ 80 ಸೆಂಟಿಮೀಟರ್, ದೂರದ್ದು 140 ಎಂದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಹತ್ತಿರದ್ದು 1.75 ಮಿಲಿಸೆಕೆಂಡ್ ಮೊದಲೇ ತಲುಪುತ್ತದೆ, ಇಡೀ ಹಾಡು ಪಕ್ಕದ ಬಾಗಿಲಿಗೆ ವಾಲಿಕೊಂಡಂತೆ ಕೇಳುತ್ತದೆ. ಅಳೆಯುವ ಪಟ್ಟಿ ಹಿಡಿದು ದೂರಗಳನ್ನು ಸ್ಟೀರಿಯೊಗೆ ತಿಳಿಸಿದರೆ ಅದು ಹತ್ತಿರದ ಸ್ಪೀಕರನ್ನು ಅಷ್ಟು ಹೊತ್ತು ತಡೆಯುತ್ತದೆ. ನಾನು ಮೊದಲ ಸಲ ಇದನ್ನು ಮಾಡಿದಾಗ ಬಾಗಿಲಿನಲ್ಲಿದ್ದ ಗಾಯಕಿ ಎದ್ದು ಬಂದು ಡ್ಯಾಶ್‌ಬೋರ್ಡಿನ ನಡುವೆ ನಿಂತಂತಾಯಿತು. ಅದೇ ಕಾರು, ಅದೇ ಸ್ಪೀಕರ್. ಅಂದು ಇಂಜಿನ್ ಆಫ್ ಮಾಡಿದ ಮೇಲೂ ಬಹಳ ಹೊತ್ತು ಕೂತು ಕೇಳಿದೆ.

ಪ್ಯಾಡುಗಳನ್ನೆಲ್ಲ ಮುಚ್ಚಿದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ. ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ, 10 ಆಂಪಿಯರ್ ಸ್ಥಾನದಲ್ಲಿಟ್ಟ ಮೀಟರನ್ನು ನಡುವೆ ಜೋಡಿಸಿ, ಬಾಗಿಲುಗಳನ್ನು ಮುಚ್ಚಿ ಅರ್ಧ ಗಂಟೆ ಕಾಯಿರಿ. ಆ ಹೊತ್ತಿನಲ್ಲಿ ಕೀಲಿ ತಿರುಗಿಸಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ. ಕಾರಿನ ಸಾಧನಗಳೆಲ್ಲ ನಿದ್ದೆಗೆ ಜಾರಿದ ಮೇಲೆ 50 ಮಿಲಿಆಂಪಿಯರಿಗಿಂತ ಕಡಿಮೆ ಹರಿಯುತ್ತಿರಬೇಕು. 300 ಎಂದು ತೋರಿಸಿದರೆ ದಿನಕ್ಕೆ 7.2 ಆಂಪಿಯರ್ ಅವರ್ ಸೋರುತ್ತಿದೆ ಎಂದರ್ಥ. 45 ಆಂಪಿಯರ್ ಅವರ್ ಬ್ಯಾಟರಿ ಮೂರು ದಿನದಲ್ಲಿ ಅರ್ಧ ಖಾಲಿ. ಆಗ ಕೆಂಪು ತಂತಿಯ ಕಡೆಗೆ ಮರಳಿ ಹೋಗಿ. 50ರ ಕೆಳಗೆ ನಿಂತರೆ ಮೀಟರ್ ತೆಗೆದು, ಮೈನಸ್ ತುದಿ ಬಿಗಿದು, ಬಾನೆಟ್ ಮುಚ್ಚಬಹುದು.